ವೈವಾಕ್ಕೆ ಬಂದ ದೋಸೆ ಕಾವಲಿ

ಬಾಯಿ ಮುಚ್ಚಿಕೊಂಡು ಕೂರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೆ. ನನ್ನ ಮಾತಿನ ಬಾಳಿಕೆ ಎಷ್ಟೆಂದು ನಿಮಗೆ ಗೊತ್ತೇ ಇದೆ!

ಕಳೆದ ವಾರ ತಿರುವನಂತಪುರದಲ್ಲಿ ಅವಳ ಪಿಎಚ್‌ಡಿ ವೈವಾ. ಯಾರು ಬೇಕಾದರೂ ಕೂತು ಕೇಳಬಹುದು. ಕೊಚ್ಚಿಯಿಂದ ಬೆಳಗಿನ ಟ್ರೇನ್ ಹಿಡಿದು ಹೋದೆವು. ವೈವಾ ಮುಗಿದ ಮೇಲೆ ಎಲ್ಲರಿಗೂ ಟೀ ಕೊಡುವ ಪದ್ಧತಿಯಂತೆ. ನಮ್ಮ ಯಜಮಾನರು ಚಾಲೈ ಪೇಟೆಗೆ ನುಗ್ಗಿ ಎರಡು ಚೀಲ ಬಾಳೆಕಾಯಿ ಚಿಪ್ಸ್ ಹೊತ್ತು ತಂದರು. (ಪಾಸಾಗದಿದ್ದರೆ ಚಿಪ್ಸ್ ಏನು ಮಾಡುವುದು? ಕೇಳುವ ಧೈರ್ಯ ನನಗಿರಲಿಲ್ಲ.)

ಲೋಹ ಮತ್ತು ಸೆರಾಮಿಕ್ ಸೇರಿಸಿ ಮಾಡಿದ ವಸ್ತುವಿನ ಮೇಲೆ ಬಿಸಿಯೂ ಭಾರವೂ ಒಟ್ಟಿಗೇ ಬಿದ್ದರೆ ಒಳಗೆ ಎಷ್ಟು ಸ್ಟ್ರೆಸ್ ಹುಟ್ಟುತ್ತದೆ? ಇದು ಅವಳ ವಿಷಯ. ಆ ದಿನದ ಸ್ಟ್ರೆಸ್ ಮಾತ್ರ ಪೂರ್ತಿ ನನ್ನದು.

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಹೋಯಿತು. ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದಿಟ್ಟು, "ಈಕ್ವೇಷನ್ ಬೇಡ. ಲೋಹದ ಮೇಲೆ ಕೂರಿಸಿದ ಸೆರಾಮಿಕ್ ಪದರ ಕಿತ್ತು ಬರುವುದೇಕೆ? ಸರಳವಾಗಿ ಹೇಳಿ" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳು ತಡವರಿಸಿದಳು. ತಿರುಗಿ ಈಕ್ವೇಷನ್ನಿಗೇ ಹೋದಳು. ಅವರು ತಲೆಯಾಡಿಸಿ ಏನೋ ಬರೆದುಕೊಂಡರು.

"ಸಭಿಕರಿಂದ ಪ್ರಶ್ನೆ?" ಎಂದರು ಅಧ್ಯಕ್ಷರು.

ಯಾರೂ ಕೇಳುವುದಿಲ್ಲ, ಅದು ಬರೀ ಶಾಸ್ತ್ರ. ನನ್ನ ಕೈ ಮೇಲೆದ್ದಿತ್ತು.

"ನಮ್ಮ ಕಾವಲಿಯ ಕೋಟಿಂಗ್ ಎದ್ದು ಬಂತಲ್ಲ, ಅದೂ ಇದೇ ಕಥೆಯಾ ಮಾರಾಯ್ತಿ?"

ಅದೂ ಕನ್ನಡದಲ್ಲಿ! ಮಗಳನ್ನು ಪಾರುಮಾಡಲು ಕೇಳಿದೆ ಎಂದರೆ ಸುಳ್ಳಾಗುತ್ತದೆ. ಮಟ್ಟಾಂಚೇರಿಯಲ್ಲಿ ಆಸೆಪಟ್ಟು ಕೊಂಡಿದ್ದ ಸೆರಾಮಿಕ್ ಕೋಟಿಂಗಿನ ಕಾವಲಿ ಅದು. ಕಾದ ಕಾವಲಿಗೆ ನೀರು ಚಿಮುಕಿಸಿ ಚುಂಯ್ ಅನ್ನಿಸದೆ ದೋಸೆ ಹೊಯ್ಯುವುದು ನಮ್ಮ ಕಾಸರಗೋಡಿನ ಕಡೆ ಉಂಟೇ? ತಿಂಗಳೊಳಗೆ ಕೋಟಿಂಗ್ ಹಪ್ಪಳದ ಹಾಗೆ ಎದ್ದಿತ್ತು. ಅಂಗಡಿಯವನಿಗೆ ಬೈದು ಗುಜರಿಗೆ ಹಾಕಿದ್ದೆ.

ಮಗಳು ಒಂದು ಕ್ಷಣ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರಿಸುವ ಹುಡುಗಿ ಇವಳು. ಆದರೆ ಅವತ್ತು?

"ಅಯ್ಯೋ ಅಮ್ಮ, ಅದೇ! ಬಿಸಿಗೆ ಅಡಿಯ ಅಲ್ಯೂಮಿನಿಯಂ ಜಾಸ್ತಿ ಹಿಗ್ತದೆ, ಮೇಲಿನ ಸೆರಾಮಿಕ್ ಅಷ್ಟು ಹಿಗ್ಗುದಿಲ್ಲ. ಎರಡೂ ಅಂಟಿಕೊಂಡು ಉಂಟಲ್ಲ, ಗಡಿಯಲ್ಲಿ ಎಳೆದಾಟ! ಅದ್ರ ಮೇಲೆ ನೀನು ತಣ್ಣೀರು ಹಾಕ್ತೀ, ಸಟ್ಟುಗದಲ್ಲಿ ಕೆರೀತೀ. ಪಾಪ, ಅದು ಎಷ್ಟು ತಡೀತದೆ?"

"ನಿಂದು ತಡೀತದಾ?"

"ನನ್ನದ್ರಲ್ಲಿ ಗಡಿಯೇ ಇಲ್ಲ ಅಮ್ಮ. ಅಡಿಯಲ್ಲಿ ಲೋಹ. ಮೇಲೆ ಹೋದ ಹಾಗೆ ಸ್ವಲ್ಪ ಸ್ವಲ್ಪವೇ ಸೆರಾಮಿಕ್ ಆಗ್ತಾ ಹೋಗ್ತದೆ."

ಏನಂತೆ ಎಂದರು ಪರೀಕ್ಷಕರು. ಅವಳು ಕಾವಲಿ ಸಮೇತ ಇಂಗ್ಲಿಷಿನಲ್ಲಿ ಹೇಳಿದಳು. "ನಾನು ಆಗಲೇ ಕೇಳಿದ್ದು ಇದನ್ನೇ ಅಲ್ಲವೇ!" ಎಂದು ಅವರು ಮೇಜು ಕುಟ್ಟಿ ನಕ್ಕರು. ಪಾಸು! ಚಿಪ್ಸಿನ ಚೀಲದಲ್ಲಿ ಪುಡಿಯೂ ಉಳಿಯಲಿಲ್ಲ.

ಡಾಕ್ಟರೇಟಿನ ಖುಷಿ ಒಂದು ತೂಕವಾದರೆ ಅವಳ ಕನ್ನಡ ಕೇಳಿದ ಖುಷಿ ಇನ್ನೊಂದು ತೂಕ. ಮಗಳು ಭಾಷೆ ಮರೆತಳೆಂದು ಎಷ್ಟು ಗೊಣಗಿದ್ದೆ! ನಮ್ಮ ಮನೆಯಲ್ಲಿ ಕನ್ನಡ ಎಲ್ಲಿ ಮುಗಿದು ಮಲಯಾಳ ಎಲ್ಲಿ ಶುರುವಾಗುತ್ತದೆಂದು ಯಾರಿಗೆ ಗೊತ್ತು? ಇಷ್ಟು ವರ್ಷ ಬಿಸಿ, ಭಾರ ಎಲ್ಲ ಬಿದ್ದರೂ ಏನೂ ಕಿತ್ತು ಬಂದಿಲ್ಲವಲ್ಲ.

ನಮ್ಮೊಟ್ಟಿಗೇ ಹೊರಟ ಮಗಳನ್ನು ವಾಪಸು ಟ್ರೇನಿನಲ್ಲಿ ಕೇಳಿದೆ, "ಊಟಕ್ಕೆ ಎಂತ ಮಾಡ್ಲಿ?"

"ದೋಶ ಮದಿ, ಅಮ್ಮೇ." ದೋಸೆ ಸಾಕಂತೆ. ಮತ್ತೆ ಮಲಯಾಳ!

ಸರಿ ಡಾಕ್ಟರೇ, ಕಾವಲಿ ಎಲ್ಲುಂಟು?