ಅತ್ತೆಯ ಎಡಗೈ

ಅತ್ತೆಗೆ ಲಕ್ವ ಹೊಡೆದದ್ದು ಜೋಳದ ಸುಗ್ಗಿ ಮುಗಿದ ಹೊತ್ತಿನಲ್ಲಿ. ರೊಟ್ಟಿ ಬಡಿಯುತ್ತ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಧಾರವಾಡದ ಆಸ್ಪತ್ರೆಯಿಂದ ನಮ್ಮೂರು ದೊಡವಾಡಕ್ಕೆ ಕರೆತಂದಾಗ ಮಾತು ನೆಟ್ಟಗಾಗಿತ್ತು, ಕಾಲು ಎಳೆದುಕೊಂಡು ನಡೆಯುತ್ತಿದ್ದರು. ಎಡಗೈ ಮಾತ್ರ ಸೆರಗಿನ ಕೆಳಗೆ ಸುಮ್ಮನೆ ಜೋತುಬಿದ್ದಿರುತ್ತಿತ್ತು.

ಮರುದಿನ ಬೆಳಿಗ್ಗೆ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ದೇವರ ಕೋಣೆಯಲ್ಲಿ ಕೂತರು. ನಾನು ಉಪ್ಪಿಟ್ಟು ತಂದಿಟ್ಟೆ. ಮುಟ್ಟಲಿಲ್ಲ. ಗುಳಿಗೆ ನುಂಗಲು ಹೊಟ್ಟೆಯಲ್ಲಿ ಏನಾದರೂ ಇರಬೇಕಿತ್ತು; ನನಗೆ ಗಾಬರಿ.

"ಪೂಜಿ ಆಗಿಲ್ಲ ನಂದು," ಎಂದರು ಕೊನೆಗೆ.

ಆಗ ಹೊಳೆಯಿತು. ಕೊರಳಲ್ಲಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ವಿಭೂತಿ, ಪತ್ರಿ ಏರಿಸುವುದು ನಮ್ಮ ಪದ್ಧತಿ. ಅದಾಗದೆ ಅತ್ತೆ ಬಾಯಿಗೆ ತುತ್ತು ಹಾಕಿದವರಲ್ಲ. ಆಸ್ಪತ್ರೆಯಲ್ಲಿ ಮಾತ್ರ ಡಾಕ್ಟರ ಮಾತಿಗೆ ಪೂಜೆಯಿಲ್ಲದೆ ಉಂಡಿದ್ದರು. ಮನೆಗೆ ಬಂದ ಮೇಲೆ ಮನಸ್ಸು ಒಪ್ಪಲಿಲ್ಲ.

"ನಿನ್ನ ಬದಲಿ ನಾ ಮಾಡ್ತೇನಿ, ಬಿಡಬೇ," ಎಂದರು ನನ್ನ ಗಂಡ.

"ನನ್ನ ಪೂಜಿ ನೀ ಹೆಂಗ ಮಾಡ್ತೀಯೋ?"

ನನಗೆ ಅವರಷ್ಟು ಭಕ್ತಿ ಇಲ್ಲ. ಕಟಕೋಳದ ತವರಿನಲ್ಲಿ ಕಟ್ಟಿಸಿದ ಲಿಂಗ ಕೊರಳಲ್ಲಿದೆ ಎಂಬುದೇ ಎಷ್ಟೋ ದಿನ ನೆನಪಿರುವುದಿಲ್ಲ. ಆದರೂ ಅವರ ಮಗ್ಗುಲಲ್ಲಿ ಕೂತೆ. ಆ ತಣ್ಣನೆಯ ಕೈ ಎತ್ತಿ, ಮುದುಡಿದ ಬೆರಳು ಬಿಡಿಸಿ, ಕೆಳಗೆ ನನ್ನ ಅಂಗೈ ಕೊಟ್ಟೆ.

"ಈಗ ಇಡ್ರಿ ಅತ್ತಿ. ಕೈ ನಿಮ್ದ ಐತಿ. ನಾ ಬರೇ ಹಿಡಕೊಂಡೇನಿ."

ನನ್ನ ಮುಖವನ್ನೇ ನೋಡಿದರು. ಆಮೇಲೆ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡರು. ನನ್ನ ತೋಳು ಸೋಲುತ್ತ ಬಂತು. ಅವರ ದೃಷ್ಟಿ ಅತ್ತಿತ್ತ ಸರಿಯಲಿಲ್ಲ. ಪೂಜೆ ಮುಗಿಸಿ, ಆರಿದ ಉಪ್ಪಿಟ್ಟನ್ನೇ ತಿಂದು, "ಉಪ್ಪ ಕಡಿಮಿ ಆಗೈತಿ," ಎಂದರು. ಅದನ್ನು ಕೇಳಿ ನನಗೆ ಅಳು ಬಂದುಬಿಟ್ಟಿತು.

ನೋಡಲು ಬರುವವರು ಬಹಳ. ಕಿತ್ತೂರಿನಿಂದ ಬಂದ ನೆಂಟರ ಹೆಂಗಸೊಬ್ಬರು ಅತ್ತೆಯ ಎದುರಿಗೇ ನನ್ನನ್ನು ಕೇಳಿದರು: "ಪಾಪ, ಊಟಾ ಮಾಡ್ತಾರೇನು? ಮಂದಿ ಗುರುತು ಹಿಡೀತಾರೇನು?"

"ಇಲ್ಲೇ ಕುಂತಾರಲ್ರಿ, ಅವರನ್ನ ಕೇಳ್ರಿ," ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡರು. "ಉಣ್ಣತೇನವಾ. ನಿನ್ನ ಗುರುತೂ ಐತಿ. ನೀನೂ ಉಂಡ ಹೋಗು, ಬಿಸಿ ರೊಟ್ಟಿ ಅದಾವು." ಆಕೆ ನಾಚಿ ಕೂತು ಉಂಡರು. ಹೋಗುವಾಗ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದರು.

ಕೈಗೆ ವ್ಯಾಯಾಮ ಮಾಡಿಸಲು ಬೈಲಹೊಂಗಲಕ್ಕೆ ಹೋಗಿಬರುತ್ತಿದ್ದೆವು. ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಒಂದು ದಿನ ಹೇಳಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಮಡಿಲಲ್ಲಿ ಮಲಗಿದ್ದ ಎಡಗೈಯನ್ನು ಬಲಗೈಯಿಂದ ಸವರುತ್ತ, "ಬರೂದಿದ್ರ ಬರ್ಲಿ. ನಾ ಎಲ್ಲಿ ಓಡಿಹೊಂಟೇನಿ?" ಎಂದರು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಪೂಜೆಯ ನಡುವೆ, ಅವರ ಹೆಬ್ಬೆರಳು ನನ್ನ ಬೆರಳನ್ನು ಮೆಲ್ಲಗೆ ಒತ್ತಿತು. ನನ್ನ ಭ್ರಮೆ ಇರಬೇಕೆಂದುಕೊಂಡೆ.

"ಗೊತ್ತಾತೇನು?" ಎಂದರು.

"ಗೊತ್ತಾತ್ರಿ ಅತ್ತಿ."

ಅತ್ತೆ ಪೂಜೆ ಮುಂದುವರಿಸಿದರು.

ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಇವತ್ತಿಗೂ ಆ ಕೈ ಒಂದು ಚಹಾದ ಕಪ್ಪು ಎತ್ತಲಾರದು. ನಾನು ದಿನಾ ಅವರ ಮಗ್ಗುಲಲ್ಲಿ ಕೂಡುತ್ತೇನೆ. ಹೊಲಕ್ಕೆ ಹೋಗುವ ಅವಸರ ನನಗಿದ್ದ ದಿನ ಅವರೇ ಲಗೂನ ಮುಗಿಸಿ, "ಹೋಗವಾ, ನಿನಗ ಹೊತ್ತಾತು," ಅನ್ನುತ್ತಾರೆ.