ಉಪ್ಪು ಹೇಳುವವರು

ಮೋಹಿನಿ ತನ್ನ ಅಡುಗೆಯ ರುಚಿಯನ್ನು ತಾನೇ ಮೊದಲು ನೋಡಿದವಳಲ್ಲ. ಉಡುಪಿಯ ಹತ್ತಿರದ ಅವಳ ತವರಿನಲ್ಲಿ ಅದು ಕಟ್ಟಳೆ. ಉಣ್ಣುವವರಿಗೆ ಬಡಿಸುವ ಮುಂಚೆ ಅಡುಗೆಯವಳ ನಾಲಿಗೆಗೆ ತಾಗಿತೋ, ಪಾತ್ರೆಯೆಲ್ಲ ಎಂಜಲು. ಉಪ್ಪನ್ನು ಕೈಯಳತೆಯಲ್ಲಿ ಹಾಕಬೇಕು, ಸೌಟು ಹಿಡಿದು ನಿಲ್ಲಬೇಕು, ಮೊದಲ ತುತ್ತು ತಿಂದವರು ಏನು ಹೇಳುತ್ತಾರೋ ಎಂದು ಕಾಯಬೇಕು. ಮದುವೆಯಾಗಿ ಮುಂಬಯಿಯ ಜೋಗೇಶ್ವರಿಯಲ್ಲಿ ಚಾಳಿನ ಒಂದು ಕೋಣೆಗೆ ಬಂದಾಗ ಟ್ರಂಕಿನ ಜೊತೆ ಈ ಕಟ್ಟಳೆಯನ್ನೂ ಹೊತ್ತು ತಂದಳು. ಟ್ರಂಕು ತುಕ್ಕು ಹಿಡಿದು ಗುಜರಿಗೆ ಹೋಯಿತು, ಕಟ್ಟಳೆ ಹೋಗಲಿಲ್ಲ.

ಗಂಡ ಸದಾನಂದ ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವನು. ಗಿರಾಕಿಗಳೆಲ್ಲ ಎದ್ದುಹೋದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವುದು ಹೋಟೆಲಿನವರ ಹಣೆಬರಹ. ಆ ಸಿಟ್ಟನ್ನು ಅವನು ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದ. ಇಲ್ಲಿ ಎಲ್ಲರಿಗಿಂತ ಮೊದಲು ಅವನಿಗೆ ಬೀಳಬೇಕು, ಅದೂ ಬಿಸಿಬಿಸಿ. ತಲೆಯೆತ್ತದೆ ಒಂದು ತುತ್ತು ತಿಂದು, "ಒಂದು ಕಲ್ಲು ಉಪ್ಪು ಕಮ್ಮಿ" ಎನ್ನುತ್ತಿದ್ದ, ಇಲ್ಲವೇ "ಉಪ್ಪು ಸರಿಯುಂಟು" ಎನ್ನುತ್ತಿದ್ದ. ಗಂಡ ಹೆಂಡಿರ ಆ ದಿನದ ಮಾತುಕತೆ ಅಲ್ಲಿಗೆ ಮುಗಿಯುತ್ತಿತ್ತು. ಆಗೆಲ್ಲ ಅದನ್ನು ಕೇಳಿದರೆ ಮೋಹಿನಿಗೆ ಮೈ ಉರಿಯುತ್ತಿತ್ತು. ಮಗ ಸುಹಾಸನೂ ಅಕ್ಷರ ಕಲಿಯುವ ಮೊದಲೇ ಅಪ್ಪನ ಹಾಗೆ ಉಪ್ಪು ಹೇಳಲು ಕಲಿತ. ಇಬ್ಬರದೂ ಆದ ಮೇಲೆ ಅವಳು ಒಲೆಯ ಪಕ್ಕ ನೆಲದಲ್ಲಿ ಕೂತು, ಆರಿದ್ದನ್ನು ಉಣ್ಣುತ್ತಿದ್ದಳು.

ಚಾಳು ಒಡೆದು ಬಿಲ್ಡಿಂಗ್ ಎದ್ದಿತು, ಇವರಿಗೂ ಅದರಲ್ಲಿ ಮನೆ ಸಿಕ್ಕಿತು. ಸದಾನಂದ ಕೆಲಸ ಬಿಟ್ಟು ಬೀಪಿಯನ್ನೂ ಟೀವಿಯನ್ನೂ ಹಿಡಿದು ಕೂತ. ಸುಹಾಸನ ಹೆಂಡತಿ ನಮಿತಾ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಗಂಡನಂತೆ ಅವಳೂ ಆಫೀಸಿಗೆ ಹೋಗುವವಳು. ಅವಳು ಬಂದ ವರ್ಷ ನಾಲ್ಕು ಕುರ್ಚಿಯ ಊಟದ ಮೇಜು ಬಂತು. ಮೂರು ಕುರ್ಚಿ ಮನುಷ್ಯರಿಗೆ, ನಾಲ್ಕನೆಯದು ಇಸ್ತ್ರಿ ಬಟ್ಟೆಗೆ. ಬಟ್ಟೆ ತೆಗೆದು ಕೂರು ಎಂದು ಮೋಹಿನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಅವಳು ಕೂರುತ್ತಿರಲಿಲ್ಲವೇನೋ. ಆದರೆ ಹೇಳಿಸಿಕೊಂಡು ಕೂರದೆ ಇರುವುದು ಬೇರೆ, ಹೇಳಿಸಿಕೊಳ್ಳದೆ ನಿಂತಿರುವುದು ಬೇರೆ.

ಈ ಸಲದ ಜನವರಿಯಲ್ಲಿ ಮುಂಬಯಿಗೆ ಚಳಿ ಬಂತು. ಮುಂಬಯಿಯ ಚಳಿ ಅಂದರೆ ಗೊತ್ತಲ್ಲ, ಫ್ಯಾನು ಆರಿಸಿದ ಕೂಡಲೇ ಜನ ಕಿವಿಗೆ ಮಫ್ಲರ್ ಸುತ್ತಿಕೊಂಡು ಹಿಮಾಲಯಕ್ಕೆ ಹೋಗಿಬಂದವರ ಹಾಗೆ ಮಾತಾಡುತ್ತಾರೆ. ಲೋಕಲ್ ಟ್ರೇನಿನ ಬಾಗಿಲಲ್ಲಿ ಗಾಳಿ ಕುಡಿದು ಸುಹಾಸನಿಗೆ ಕೆಮ್ಮು ಹಿಡಿಯಿತು. ನಮಿತಾ ಮೊಬೈಲಿನಲ್ಲಿ ಹುಡುಕಿ ಒಂದು ಸ್ಲೋ ಕುಕರ್ ತರಿಸಿದಳು.

"ನೋಡಿ ಮಾಮಿ, ಬೆಳಿಗ್ಗೆ ಎಲ್ಲಾ ಹಾಕಿ ಸ್ವಿಚ್ ಆನ್ ಮಾಡಿ, ಬಸ್," ಎಂದಳು ಅತ್ತೆಗೆ. "ದಿನವಿಡೀ ಆರಾಮ್‌ಸೇ ಬೇಯ್ತದೆ. ನಾವು ಬರೋವರೆಗೂ ಗರಂ ಇರ್ತದೆ. ನೀವು ಗ್ಯಾಸ್ ಮುಂದೆ ನಿಲ್ಲೋದೇ ಬೇಡ."

ನಿಲ್ಲುವುದು ಬೇಡ ಎಂದರೆ ಕೂರಬಹುದು ಎಂದು ಮೋಹಿನಿ ಅರ್ಥ ಮಾಡಿಕೊಂಡಳು. ಬಿಸಿ ಮಾಡಲು ಓಡಬೇಕಿಲ್ಲ, ಕುದಿಸಲು ಏಳಬೇಕಿಲ್ಲ. ಪಾತ್ರೆ ಮೇಜಿನ ಮೇಲೆ, ಸುತ್ತಲೂ ನಾಲ್ವರು, ನಾಲ್ವರಿಗೂ ಒಂದೇ ಬಿಸಿ. ಅವಳಿಗೆ ಬೇಕಿದ್ದದ್ದು ಇಷ್ಟೇ, ಮತ್ತು ಇದನ್ನು ಬಾಯಿಬಿಟ್ಟು ಕೇಳುವ ಜಾತಿ ಅವಳದಲ್ಲ. ನೆನೆಸಿದ ಹುರುಳಿಯನ್ನು ಗ್ಯಾಸಿನ ಮೇಲೆ ಚೆನ್ನಾಗಿ ಕುದಿಸಿ, ಟೊಮೆಟೊ, ಬೆಳ್ಳುಳ್ಳಿ, ಕಾಳುಮೆಣಸು ಕೂಡಿಸಿ ಕುಕರಿಗೆ ಸುರಿದಳು. ಊರಿನಲ್ಲಿ ಅದು ಹುರುಳಿ ಸಾರು, ಬಡವರ ಸಾರು. ಇಲ್ಲಿ ಅದಕ್ಕೆ ಸೂಪ್ ಎಂಬ ಮರ್ಯಾದೆ. ಆಮೇಲೆ ನಾಲ್ಕನೆಯ ಕುರ್ಚಿಯ ಬಟ್ಟೆಗಳನ್ನು ಕಪಾಟಿಗೆ ಸೇರಿಸಿ, ಕುರ್ಚಿಯನ್ನು ಒರೆಸಿಟ್ಟಳು.

ಸಂಜೆ ನಮಿತಾ ಬಂದಳು. ದೊಡ್ಡ ಕಪ್ಪಿಗೆ ಸೂಪ್ ಬಗ್ಗಿಸಿಕೊಂಡು, ಆಫೀಸಿನ ಫೋನ್ ಉಂಟು ಎಂದು ಕೋಣೆಗೆ ಹೋದಳು. ಸದಾನಂದ ತನ್ನ ಬಟ್ಟಲನ್ನು ಟೀವಿಯ ಮುಂದೆ ಒಯ್ದ. ಸುಹಾಸ ಬಂದವನೇ ಮೊಬೈಲಿನಿಂದ ಕಣ್ಣು ತೆಗೆಯದೆ ತಾನೇ ಬಡಿಸಿಕೊಂಡು ಹೆಂಡತಿಯ ಬಳಿ ನಡೆದ. ಪಾತ್ರೆಯಲ್ಲಿ ಬಿಸಿ ಇರುವ ತನಕ ಯಾರೂ ಯಾರಿಗೂ ಕಾಯಬೇಕಿಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುತ್ತಾರೆ. ಮೋಹಿನಿಯ ಕೈಯಿಂದ ಆ ಸೌಟೂ ಹೋಯಿತು. ಎಲ್ಲರದೂ ಆದ ಮೇಲೆ ತಳದ್ದನ್ನು ಬಗ್ಗಿಸಿಕೊಂಡು ಎಂದಿನ ನೆಲದಲ್ಲೇ ಕೂತಳು. ಬಿಸಿ ಇತ್ತು, ಅದೊಂದು ಲಾಭ.

ಹೀಗೆ ಒಂದು ವಾರ ನಡೆಯಿತು. ಒಂದು ಬೆಳಿಗ್ಗೆ ಉಪ್ಪಿನ ಡಬ್ಬಿಗೆ ಕೈ ಹಾಕುವ ಹೊತ್ತಿಗೇ ನಲ್ಲಿಯಲ್ಲಿ ನೀರು ಬಂತು. ಡ್ರಮ್ಮು ತುಂಬಿಸಲು ಓಡಿದವಳಿಗೆ ಉಪ್ಪು ಮರೆತೇಹೋಯಿತು. ಗೊತ್ತಾದದ್ದು ಸಂಜೆ, ಎಲ್ಲರೂ ಉಂಡಾದ ಮೇಲೆ, ತನ್ನ ಮೊದಲ ಗುಟುಕಿನಲ್ಲಿ. ಸಾರು ಸಪ್ಪೆ ನೀರು. ಅವಳು ಉಪ್ಪಿಗೆಂದು ಏಳಹೊರಟಳು. ಮರುಗಳಿಗೆ ಇನ್ನೊಂದು ಹೊಳೆದು, ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಮೂವರು ಉಂಡಿದ್ದರು. ಒಬ್ಬರೂ ಹೇಳಿರಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕೋಣೆಯೊಳಗಿಂದಲೇ ನಮಿತಾ ಹಾಕಿದ ಸಂದೇಶವಿತ್ತು: "ಮಾಮಿ, ಸೂಪ್ ಮಸ್ತ್." ಅದರ ಕೆಳಗೆ ಸುಹಾಸನ ಹೆಬ್ಬೆರಳು.

ಮರುದಿನ ಅವಳು ಬೇಕೆಂದೇ ಉಪ್ಪು ಹಾಕಲಿಲ್ಲ. ಅದರ ಮರುದಿನವೂ ಹಾಕಲಿಲ್ಲ. ಹಟ ಅನ್ನಿ, ಕೆಟ್ಟ ಬುದ್ಧಿ ಅನ್ನಿ. ಒಬ್ಬರಾದರೂ ಅಡುಗೆಮನೆಯ ಬಾಗಿಲಿಗೆ ಬಂದು ಇದೆಂಥ ಸಾರು ಎಂದು ಬೈಯಲಿ ಎಂದು ಕಾದಳು. ಹೊಗಳಿಕೆಯ ಆಸೆ ಯಾವತ್ತೂ ಇರಲಿಲ್ಲ, ಬೈಗುಳವೂ ಸಿಗದಷ್ಟು ತಾನು ದೂರವಾದೆನೇ ಎಂದು ಅವಳಿಗೆ ಅಳು ಬಂತು. ಮೂರನೆಯ ಸಂಜೆ ಖಾಲಿ ಕಪ್ಪು ತರಲು ಮಗನ ಕೋಣೆಗೆ ಹೋದಳು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಉಪ್ಪಿನ ಹೊಸ ಬಾಟಲಿ ಇತ್ತು. ಹೊರಗೆ ಬಂದು ಟೀವಿಯ ಹಿಂದೆ ಇಣುಕಿದಳು. ಅಲ್ಲಿ ಬೀಪಿಯವನ ಉಪ್ಪಿನಕಾಯಿ.

"ಉಪ್ಪಿಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂಥ ಆಗಿತ್ತು?" ಎಂದು ಕೇಳಿದಳು. ಮಗ ಸೊಸೆ ಕೋಣೆಯ ಬಾಗಿಲಿಗೆ ಬಂದರು.

ನಮಿತಾಳ ಮುಖ ಸಣ್ಣದಾಯಿತು. "ನಿಮಗೆ ಬುರಾ ಅನಿಸಬಾರ್ದು ಅಂತ ಮಾಮಿ. ನಾವು ಅಡ್ಜಸ್ಟ್ ಮಾಡ್ಕೊಂಡ್ವಿ ನಾ."

"ಅಷ್ಟಕ್ಕೆಲ್ಲ ಎಂತಕ್ಕಮ್ಮ ಟೆನ್ಶನ್? ಯಾರಿಗೆ ಬೇಕೋ ಅವರು ಹಾಕ್ಕೊಳ್ತಾರೆ," ಎಂದ ಸುಹಾಸ.

"ನನ್ನ ಬೀಪಿಗೋಸ್ಕರ ನೀನೇ ಬಿಟ್ಟದ್ದು ಅಂತ ಮಾಡಿದ್ದೆ," ಎಂದ ಸದಾನಂದ, ಟೀವಿಯ ಮೇಲಿನ ಕಣ್ಣು ತೆಗೆಯದೆ.

ಮೂವರೂ ಒಳ್ಳೆಯವರೇ. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವನಿಗೆ ಸ್ಲೋ ಕುಕರ್ ಗೊತ್ತಿರಲಿಲ್ಲ, ಪಾಪ.

ಮಾರನೆಯ ದಿನ ಗಂಡ ಬ್ಯಾಂಕಿಗೆ, ಮಗ ಸೊಸೆ ಆಫೀಸಿಗೆ ಹೋಗಿದ್ದರು. ಮಧ್ಯಾಹ್ನ ಮೋಹಿನಿ ಕುಕರಿನ ಮುಚ್ಚಳ ತೆಗೆದಳು. ಯಾರೂ ಇನ್ನೂ ಮುಟ್ಟದ ಸಾರನ್ನು ಮೇಲಿಂದ ಒಂದು ಸೌಟು ಬಟ್ಟಲಿಗೆ ಹಾಕಿಕೊಂಡು, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು. ಎಲ್ಲರಿಗಿಂತ ಮೊದಲು ರುಚಿ ನೋಡಿದಳು. ಪಾತ್ರೆಗೆ ಉಪ್ಪು ಹಾಕಿ ಕಲಕಿ ಮತ್ತೆ ನೋಡಿದಳು. ಇನ್ನೊಂದು ಕಲ್ಲು ಹಾಕಿದಳು. ಆಮೇಲೆ ಬಟ್ಟಲು ತುಂಬಿಕೊಂಡು ಬಂದು ನಾಲ್ಕನೆಯ ಕುರ್ಚಿಯಲ್ಲಿ ಕೂತು, ಬಿಸಿ ಇರುವಾಗಲೇ, ಆತುರವಿಲ್ಲದೆ ಕುಡಿದಳು.

"ಉಪ್ಪು ಸರಿಯುಂಟು," ಎಂದಳು ಗಟ್ಟಿಯಾಗಿ. ಮೂರು ಖಾಲಿ ಕುರ್ಚಿಗಳನ್ನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಬಟ್ಟಲು ತೊಳೆದಿಟ್ಟು, ಕಪಾಟಿನಿಂದ ಇಸ್ತ್ರಿ ಬಟ್ಟೆಗಳನ್ನು ತಂದು, ಮಡಿಕೆ ಕೆಡದ ಹಾಗೆ ಒಂದೊಂದಾಗಿ ಮತ್ತೆ ಆ ಕುರ್ಚಿಯ ಮೇಲೆ ಪೇರಿಸಿದಳು.