ಅಪ್ಪ ಮೆತ್ತಿದ ಸಿಮೆಂಟು ಕೀಳುವ ಮಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಫಕ್ ಸೀಮೆಯ ಬ್ರಾಮ್‌ಫೋಲ್ಡ್ ಹಳ್ಳಿಯಲ್ಲಿ ‘ಕುಂಟ ಕೊಕ್ಕರೆ’ ಪಬ್ಬಿನ ಮುಂದೆ ಗಾರೆ ಕೆಲಸದ ಥರ್ಜಾ ಗುಡರಮ್ ಮಂಡಿಯೂರಿ ಕುಳಿತು ಗೋಡೆಗೆ ಉಳಿ ಹಿಡಿದಿದ್ದಾರೆ. ಸಿಮೆಂಟಿನ ಹಕ್ಕಳೆ ಎದ್ದಾಗಲೆಲ್ಲ ಒಳಗಿಂದ ಕೊಳೆತ ಮಣ್ಣಿನ ವಾಸನೆ ಬರುತ್ತದೆ. “ಕರ್ಮ, ಕರ್ಮ! ಯಾರು ಮೆತ್ತಿದ್ದಪ್ಪಾ ಇದನ್ನ?” ಎನ್ನುತ್ತಾರೆ. ಯಾರೆಂದು ಅವರಿಗೆ ಚೆನ್ನಾಗಿಯೇ ಗೊತ್ತು. ಮೆತ್ತಿದ್ದು ಅವರ ಅಪ್ಪ ಹೋರೇಸ್.

ನಾಲ್ಕು ನೂರು ವರ್ಷದ ಕಟ್ಟಡವಿದು. ಓಕ್ ಕಂಬಗಳ ನಡುವೆ ಕಡ್ಡಿ ಹೆಣೆದು, ಹುಲ್ಲು ಕಲಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣದ ಗಾರೆ ಬಳಿದ ಗೋಡೆಗಳು. ಮಾಳಿಗೆ ಬೀದಿಯ ಮೇಲೆ ಮುಂಚಾಚಿದೆ. ಬಗ್ಗದೆ ಒಳಗೆ ಬಂದವರಿಗೆ ಬಾಗಿಲ ತೊಲೆಯೇ ಬುದ್ಧಿ ಕಲಿಸುತ್ತದೆ. ಸುಣ್ಣದ ಗೋಡೆ ಮಳೆನೀರು ಕುಡಿದರೂ ಬಿಸಿಲಿಗೆ ಒಣಗುತ್ತದೆ. ಸಿಮೆಂಟು ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಒಳಗೇ ಮರ ಕೊಳೆಯುತ್ತದೆ. ಹೋರೇಸ್ ಕೈ ಗಟ್ಟಿಯಿದ್ದ ಕಾಲಕ್ಕೆ ಊರಿಗೆಲ್ಲ ಸಿಮೆಂಟಿನ ಹುಚ್ಚು ಹಿಡಿದಿತ್ತು.

ಎಂಬತ್ತು ದಾಟಿದ ಆ ಅಪ್ಪ ಈಗ ದಿನವೂ ಇದೇ ಪಬ್ಬಿಗೆ ಬಂದು ಅರ್ಧ ಲೋಟ ಬಿಯರ್ ಹಿಡಿದು ಕೂರುತ್ತಾರೆ.

“ಏನೇ, ಇನ್ನೂ ಬಿಚ್ತಾನೇ ಇದೀಯಾ? ನೋಡು, ಹೆಂಗೆ ಕೂತಿದೆ ನನ್ನ ಕೆಲಸ!”

“ಕೂತಿದೆ ಕಣಪ್ಪಾ, ಕಂಬದ ಕತ್ತು ಹಿಸುಕ್ಕೊಂಡು ಕೂತಿದೆ.”

ಕಳೆದ ತಿಂಗಳು ಮೂಲೆಯ ಕಂಬಕ್ಕೆ ಉಳಿ ಇಟ್ಟರೆ ಅದು ಹಿಡಿಯವರೆಗೂ ಇಳಿದುಹೋಯಿತು. ಮಾಳಿಗೆಯ ಭಾರವೆಲ್ಲ ಆ ಕಂಬದ ಮೇಲೆ. ಥರ್ಜಾ ಕೂಡಲೇ ಮಾಳಿಗೆಗೆ ಆಸರೆಯಾಗಿ ತೊಲೆ ನಿಲ್ಲಿಸಿ, ಮುಂದಿನ ಕೋಣೆಯನ್ನು ಮುಚ್ಚಿಸಲು ಹೊರಟರು. ಪಬ್ ನಡೆಸುವ ನೆವಿಲ್ ಸಿಡಿಮಿಡಿಗೊಂಡ.

“ಭಾನುವಾರ ಊಟಕ್ಕೆ ಊರೆಲ್ಲ ಬರುತ್ತೆ. ಈಗ ಸುಮ್ನೆ ಮೇಲೆ ಸಾರಿಸಿ ಮುಚ್ಚಿಬಿಡಮ್ಮ, ಆಮೇಲೆ ನೋಡೋಣ.”

“ಆಮೇಲೆ ಆಮೇಲೆ ಅಂತಾನೇ ಕಂಬ ಈ ಗತಿಗೆ ಬಂದಿದ್ದು! ಮಾಳಿಗೆ ತಟ್ಟೆಗೆ ಬಿದ್ರೆ ಏನು ಬಡಿಸ್ತೀಯ?”

“ನಿಂದು ಯಾವಾಗ್ಲೂ ಅತಿ!” ಎಂದ ನೆವಿಲ್. ಒಳಗೆ ಕುಡಿಯುತ್ತಿದ್ದವರೂ ಹೂಂಗುಟ್ಟಿದರು. ಥರ್ಜಾ ಉಳಿಯನ್ನು ಬುಟ್ಟಿಗೆ ಎಸೆದು, “ಹಾಗಾದ್ರೆ ನೀವೇ ಮಾಡ್ಕೊಳ್ಳಿ” ಎಂದು ಎದ್ದೇಬಿಟ್ಟರು.

ಆಗ ಹೋರೇಸ್ ಕೋಲೂರಿಕೊಂಡು ಹೊರಗೆ ಬಂದರು. ಕಂಬದೊಳಕ್ಕೆ ಬೆರಳು ತೂರಿಸಿದರು. ಬೆರಳಿಗೆ ಕಪ್ಪು ಹಿಟ್ಟಿನಂಥದ್ದು ಹತ್ತಿತು. ಅದನ್ನೇ ನೋಡುತ್ತಾ ನಿಂತವರು, “ಬಾಗಿಲು ಹಾಕೋ ನೆವಿಲ್” ಎಂದರು. “ಅವಳು ಹೇಳಿದ್ದು ಸರಿ. ಹಾಳು ಮಾಡ್ದೋನು ನಾನು.”

ನೆವಿಲ್ ಮುಂದಿನ ಬಾಗಿಲು ಹಾಕಿದ, ಥರ್ಜಾ ಬುಟ್ಟಿಯಿಂದ ಉಳಿ ಎತ್ತಿಕೊಂಡರು. ಆ ಭಾನುವಾರ ಹಿತ್ತಲಲ್ಲಿ, ಜಿನುಗು ಮಳೆಯಲ್ಲಿ, ಕೊಡೆ ಹಿಡಿದುಕೊಂಡೇ ಊರು ಹುರಿದ ಮಾಂಸ ತಿಂದಿತು. ಥರ್ಜಾರನ್ನು ಶಪಿಸುತ್ತಲೇ ತಿಂದಿತು.

ಕೊಳೆತ ಭಾಗ ತೆಗೆದು ಬಡಗಿ ಹೊಸ ಓಕ್ ಕೂಡಿಸಿದ್ದಾನೆ. ಈಗ ಆ ಮೂಲೆಗೆ ಸುಣ್ಣದ ಸರದಿ. ಒಂದು ಪದರ ಆರದೆ ಇನ್ನೊಂದು ಬಳಿಯುವಂತಿಲ್ಲ, ಮಂಜು ಬೀಳುವಾಗ ಮುಟ್ಟುವಂತಿಲ್ಲ. ಥರ್ಜಾ ಅವರ ಬೆರಳ ಸಂದುಗಳು ಸುಣ್ಣಕ್ಕೆ ಬಿರಿದಿವೆ. ಬಿಯರ್ ಲೋಟದೊಂದಿಗೆ ಹೊರಗೇ ಕುರ್ಚಿ ಹಾಕಿಸಿಕೊಂಡಿರುವ ಅಪ್ಪ ಮಾತ್ರ ಬಿಟ್ಟಿಲ್ಲ.

“ಅಲ್ಲಿ ಉಬ್ಬಿದೆ ನೋಡೇ.”

“ಗೋಡೆನೇ ಉಬ್ಬಿದೆ ಅಪ್ಪಾ! ನಿನ್ನ ತಾತ ಹುಟ್ಟೋ ಮುಂಚೆಯಿಂದ ಉಬ್ಬಿದೆ!”

ಇಷ್ಟೆಲ್ಲ ಆದ ಮೇಲೆ ಇನ್ನೇನು ಆಸೆ ಎಂದು ಕೇಳಿದರೆ ಥರ್ಜಾ ಕರಣೆ ಒರೆಸುತ್ತಾ ಹಿತ್ತಲ ಕಡೆ ಕತ್ತು ಹೊರಳಿಸುತ್ತಾರೆ.

“ಹಿಂದಿನ ಗೋಡೆ ಇನ್ನೂ ಬಾಕಿ ಇದೆ. ಅದೂ ಅಪ್ಪಂದೇ ಕೆಲಸ. ಅದು ಮುಗಿಯೋವರೆಗೂ ಅಪ್ಪ ಇರ್ಬೇಕು. ಇಲ್ದಿದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?”